ನಡುವಿನಿಂದ ಹೊಲಿದ ಕೌದಿ

ಮಾತು ಚಹಾದ ಜೊತೆಗೇ ಬಂತು. ಒಲೆಯ ಮುಂದೆ ಕೂತಿದ್ದ ಶಿವಗಂಗವ್ವ ಹಿಂದಿರುಗಿ ಕೂಡ ನೋಡದೆ, ಉಕ್ಕಲು ಬಂದ ಹಾಲನ್ನು ಉಫ್ ಎಂದು ಊದಿ, "ತಾರಾ, ಕೌದಿ ತಗದ ಪಡಸಾಲ್ಯಾಗ ಇಡ. ಮುದಕವ್ವ ಬರ್ತಾಳ ಹೊಟ್ಟಿ ಮುಚ್ಚಾಕ. ಕೂಸಿನ್ನ ತೊಟ್ಟಿಲಕ್ಕ ಹಾಕಾಕ ತೇರದಾಳದಿಂದ ಬೀಗರು ಬರೂದ್ರಾಗ ಅದೊಂದ ಆಗಿಬಿಡ್ಲಿ" ಎಂದಳು. ಅಣ್ಣನ ಹೆಂಡತಿ ಹೇಳಿದ್ದರಲ್ಲಿ ಹೊಸದೇನೂ ಇರಲಿಲ್ಲ. ಬನಹಟ್ಟಿಯಲ್ಲಿ ಯಾರ ಮನೆಯಲ್ಲಿ ಕೌದಿ ಹೊಲಿದರೂ ಹೀಗೇ ಹೇಳುತ್ತಾರೆ. ಅಂಚಿನಿಂದ ಹೊಲಿಗೆ ಹಿಡಿದು, ಸುತ್ತು ಹಾಕುತ್ತ ಹಾಕುತ್ತ ಒಳಗೆ ಬಂದರೆ ಕೊನೆಗೆ ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತದೆ. ಅದು ಕೌದಿಯ ಹೊಟ್ಟೆ. ಅದರೊಳಗೆ ಒಂದು ಚೂರು ರೊಟ್ಟಿ, ಒಂದು ಚಿಟಿಕೆ ಸಕ್ಕರೆ ಇಟ್ಟು ಮುಚ್ಚಬೇಕು. ಕೌದಿ ಹಸಿದಿರಬಾರದು, ಅದನ್ನು ಹೊದ್ದವರೂ ಹಸಿದು ಮಲಗಬಾರದು. ಮುಚ್ಚುವ ಕೈ ಮಾತ್ರ ಮುತ್ತೈದೆಯದಾಗಿರಬೇಕು. ಗಂಡ ತೀರಿದ ಮೇಲೆ ಅಣ್ಣನ ಮನೆಗೆ ಬಂದ ತಾರವ್ವ ಅಲ್ಲಿಂದೀಚೆಗೆ ಎಷ್ಟು ಕೌದಿ ಹೊಲಿದಿದ್ದಳೋ ಲೆಕ್ಕವಿಟ್ಟಿರಲಿಲ್ಲ. ಒಂದನ್ನೂ ಮುಗಿಸಿರಲಿಲ್ಲ ಎನ್ನುವುದು ಮಾತ್ರ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಚಹಾವನ್ನು ಬಸಿಗೆ ಸುರಿದುಕೊಳ್ಳುವಾಗ ಕೈ ನಡುಗಿ ಎರಡು ಹನಿ ಸೀರೆಯ ಮೇಲೆ ಬಿತ್ತು. ಸಿಟ್ಟು ಬಂದಾಗ ಅವಳ ಕೈ ನಡುಗುತ್ತದೆ, ಹೊಲಿಯುವಾಗ ನಡುಗುವುದಿಲ್ಲ. ವೈನಿ, ಈ ಕೌದಿಗೆ ಮುಚ್ಚುವುದಕ್ಕೆ ಹೊಟ್ಟೆಯೇ ಉಳಿದಿಲ್ಲ ಎಂದು ಆಗಲೇ ಹೇಳಿಬಿಡಬೇಕಿತ್ತು. ಬಾಯಿಯ ತನಕ ಬಂತು. ಬಿಸಿ ಚಹಾ ಕುಡಿದು ಅದನ್ನು ಒಳಗೆ ತಳ್ಳಿದಳು.

ಹೇಳದೆ ಇದ್ದದ್ದು ಹೆದರಿಕೆಯಿಂದ ಎಂದು ಅವಳಿಗೆ ಅನಿಸಲಿಲ್ಲ. ಹೆದರಿಕೆ ಅವಳಿಗೆ ಪರಿಚಯವಿದ್ದ ವಸ್ತು, ಅದರ ರುಚಿ ಬೇರೆ. ಮೊದಲ ಸಲ ಸೂಜಿ ಕಸಿದುಕೊಂಡವರ ಮುಖ ಈಗ ಸರಿಯಾಗಿ ನೆನಪಿಗೂ ಬರುವುದಿಲ್ಲ, ಚಿಮ್ಮಡದ ದೊಡ್ಡ ಮನೆಯ ಹೆಂಗಸು, ಮೂಗಿನಲ್ಲಿ ಮುತ್ತಿನ ನತ್ತು. ಆ ನತ್ತು ಮಾತ್ರ ನೆನಪಿದೆ, ಏಕೆಂದರೆ ಆಕೆ ಬಾಗಿದಾಗ ಅದು ಕೌದಿಯ ನಡುವಿನ ತೆರೆದ ಜಾಗದ ಮೇಲೆ ಸರಿಯಾಗಿ ತೂಗಾಡುತ್ತಿತ್ತು. ತಾರವ್ವ ದಾರ ಪೋಣಿಸಿ, ರೊಟ್ಟಿಯ ಚೂರು ಒಳಗಿಟ್ಟು, ಬಟ್ಟೆಯ ಅಂಚನ್ನು ಒಳಮಡಿಕೆ ಮಾಡಿ, ಮೊದಲ ಹೊಲಿಗೆಗೆ ಸೂಜಿ ಚುಚ್ಚುವಷ್ಟರಲ್ಲಿ ಆಕೆ ಬಂದು ಮೆಲ್ಲಗೆ ಮಣಿಕಟ್ಟು ಹಿಡಿದಳು. "ಇಲ್ಲಿ ಕೊಡ ತಂಗಿ. ಇಷ್ಟ ಮಾಡೀದಿ, ಸಾಕಾಗೇತಿ ನಿನಗ. ಹಿತ್ತಲಕ ಹೋಗಿ ಊಟಾ ಮಾಡ ಹೋಗ." ಬೈದಿದ್ದರೆ ಮರೆತು ಹೋಗುತ್ತಿತ್ತು. ಬೈಯಲಿಲ್ಲ, ಪ್ರೀತಿಯಿಂದ ಹೇಳಿದಳು. ಹಿತ್ತಲಲ್ಲಿ ಕೂತು ಬದನೆಕಾಯಿ ಪಲ್ಯ ಕಲಸಿಕೊಂಡು ತಿನ್ನುವಾಗ ತಾರವ್ವನಿಗೆ ಅಳು ಬರಬೇಕಿತ್ತು. ಬರಲಿಲ್ಲ. ಪಲ್ಯಕ್ಕೆ ಉಪ್ಪು ಕಡಿಮೆಯಾಗಿದೆ ಎಂದುಕೊಂಡಳು, ಮತ್ತೆ ಕೇಳಿ ಹಾಕಿಸಿಕೊಂಡು ತಿಂದಳು, ಮತ್ತು ಒಳಗೆ ಬಂದಾಗ ಮುಚ್ಚಿದ ಹೊಟ್ಟೆಯ ಮೇಲಿನ ಹೊಲಿಗೆ ನೋಡಿದಳು. ತನ್ನ ಸಾಲುಗಳೆಲ್ಲ ನೆಟ್ಟಗೆ ಬಂದು ಅಲ್ಲಿ ನಿಂತಿದ್ದವು, ಒಳಗೆ ಅಡ್ಡಾದಿಡ್ಡಿ ನಾಲ್ಕು ಗೀರು. ಆ ಮೇಲೆ ಅದೇ ಕ್ರಮವಾಯಿತು. ರಬಕವಿಯಿಂದ, ಮುಧೋಳದ ಕಡೆಯಿಂದ, ಜಮಖಂಡಿಯಿಂದ ಕೂಡ ಹಳೆಯ ಸೀರೆಗಳ ಗಂಟು ಅವಳ ಬಾಗಿಲಿಗೆ ಬರತೊಡಗಿದವು. ತಾರವ್ವನ ಕೈಯಾಗಿನ ಕೌದಿ ಅಂದರೆ ಮೊಮ್ಮಕ್ಕಳ ತನಕ ಬರತೈತಿ ಎಂದು ಹೆಸರಾಯಿತು. ಹೆಸರಾದ ಕೈ ಅಂಗೈ ಅಗಲದ ಜಾಗಕ್ಕೆ ಬಂದ ಕೂಡಲೇ ಮೈಲಿಗೆ ಆಗುತ್ತಿತ್ತು.

ಪಡಸಾಲೆಯಲ್ಲಿ ಅಣ್ಣ ಶಿದ್ರಾಮಪ್ಪನ ಪಾವರಲೂಮು ಬೆಳಗಿನಿಂದ ಬಡಿದುಕೊಳ್ಳುತ್ತಿತ್ತು. ಕೈಯಿಂದ ನೇಯುವ ಕುಣಿಮಗ್ಗ ಇದ್ದಾಗ ಲಾಳಿಯ ಸಪ್ಪಳದ ನಡುವೆ ಮನುಷ್ಯರ ಮಾತು ಕೇಳುತ್ತಿತ್ತು. ಈ ಯಂತ್ರ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಕೂಗುತ್ತಾರೆ, ಅಥವಾ ಸುಮ್ಮನಿರುತ್ತಾರೆ. ತಾರವ್ವ ಸುಮ್ಮನಿರುವ ಕಡೆಗೆ ಸೇರಿದ್ದಳು. ಅಣ್ಣ ಅವಳನ್ನು ಹೊರೆ ಎಂದವನಲ್ಲ. ಉಡಲು ಕೊಟ್ಟಿದ್ದ, ಉಣ್ಣಲು ಕೊಟ್ಟಿದ್ದ, ಅಟ್ಟದ ಮೇಲೆ ಕಿಟಕಿ ಇದ್ದ ಖೋಲಿ ಕೊಟ್ಟಿದ್ದ. ಕೊಟ್ಟದ್ದನ್ನು ಒಂದು ಸಲವೂ ಆಡಿ ತೋರಿಸಿರಲಿಲ್ಲ. ಅದಕ್ಕೇ ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಇಷ್ಟು ಕಷ್ಟವಾಗುತ್ತಿತ್ತು. ಒಳ್ಳೆಯವರ ಮನೆಯಲ್ಲಿ ಸಿಟ್ಟು ಇಟ್ಟುಕೊಂಡು ಬದುಕುವವಳೇ ಕೆಟ್ಟವಳಾಗುತ್ತಾಳೆ ಎಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು. ಆ ಅಟ್ಟದ ಮೇಲೆ ಮೊದಲ ಬಾರಿಗೆ ತನ್ನ ಮನಸ್ಸಿಗೆ ಬಂದ ಹಾಗೆ ಒಂದು ಕೌದಿ ಹೊಲಿದಳು. ಬರೀ ಬಿಳಿ. ಧೋತರದ ಬಿಳಿ, ಹಾಲಿನ ಬಟ್ಟೆಯ ಬಿಳಿ, ನೂರು ಸಲ ಒಗೆದು ಹಳದಿಗೆ ತಿರುಗಿದ ಬಿಳಿ, ಇನ್ನೂ ಗಂಜಿ ಹೋಗದ ಹೊಸ ಬಿಳಿ. ಒಂದರ ಪಕ್ಕ ಒಂದಿಟ್ಟರೆ ಬಿಳಿಯೊಳಗೆ ಇಷ್ಟೊಂದು ಬಣ್ಣವಿದೆ ಎಂದು ಕಂಡು ಅವಳಿಗೇ ಅಂಜಿಕೆಯಾಗಿ, ಖುಷಿಯಾಗಿ, ಕೆಳಗೆ ತಂದು ಹಾಸಿದಳು. ಶಿವಗಂಗವ್ವ ಬಾಯಿಯ ಮೇಲೆ ಕೈಯಿಟ್ಟುಕೊಂಡು, "ಇದೇನ ಹೆಣಕ್ಕ ಹೊಚ್ಚಾಕ ಹೊಲದಿ?" ಎಂದಳು. ಇನ್ನೊಂದು ಸಲ ಎಲ್ಲ ತುಂಡುಗಳನ್ನೂ ತಿರುವಿಹಾಕಿ, ಸೀರೆಗಳ ಹಿಂಬದಿ ಮೇಲೆ ಬರುವ ಹಾಗೆ ಹೊಲಿದಳು. ದಡಿಯ ಹಿಂದೆ ನೂಲಿನ ತುದಿಗಳು ತೇಲಾಡುತ್ತಿರುತ್ತವಲ್ಲ, ಅವು ಅವಳಿಗೆ ಮುಂಬದಿಯ ಹೂವಿಗಿಂತ ಚಂದ ಕಂಡಿದ್ದವು. ಶಿದ್ರಾಮಪ್ಪ ಅದನ್ನು ಮುಟ್ಟಿ, ಎತ್ತಿ, ದಪ್ಪವನ್ನು ಬೆರಳಲ್ಲಿ ಅಳೆದು, "ಗಟ್ಟಿ ಆಗೇತಿ. ನೂಲಿನ ಪೆಂಡಿ ಮ್ಯಾಲ ಹಾಕಾಕ ಛಲೋ ಆತು" ಎಂದ. ತಮಾಷೆ ಮಾಡಲಿಲ್ಲ, ಮನಸ್ಸಿನಿಂದ ಮೆಚ್ಚಿಕೊಂಡೇ ಹೇಳಿದ. ಅದು ಇವತ್ತಿಗೂ ಅಲ್ಲಿಯೇ ಇದೆ, ಪೆಂಡಿಗಳ ಮೇಲೆ, ಮೇಲೆ ಒಂದು ಬೆಕ್ಕು.

ಇವತ್ತಿನ ಈ ಕೌದಿ ಹುಟ್ಟಿದ್ದು ನೂಲಿಗೆ ಬಣ್ಣ ಹಾಕುವ ಧರೆಪ್ಪನ ಅಂಗಳದಲ್ಲಿ. ಅವನ ನೀಲಿ ಬಾನಿಯ ಮುಂದೆ ತಾರವ್ವ ನೆಪ ಮಾಡಿಕೊಂಡು ಹೋಗಿ ನಿಲ್ಲುತ್ತಿದ್ದಳು. ಬಿಳಿಯ ನೂಲು ಒಳಗೆ ಮುಳುಗುತ್ತದೆ, ಮೇಲೆ ಬರುವಾಗ ನೀಲಿ ಇರುವುದಿಲ್ಲ, ಎಳೆ ಹುಣಸೆ ಎಲೆಯ ಹಸಿರು. ಧರೆಪ್ಪ ಅದನ್ನು ಕೋಲಿಗೆ ಹಾಕಿ ಗಾಳಿಗೆ ಹಿಡಿಯುತ್ತಾನೆ. ನೋಡುನೋಡುತ್ತ ಹಸಿರು ಅಂಚಿನಿಂದ ಹಿಂದೆ ಸರಿದು ನೀಲಿ ಬರುತ್ತದೆ. ಎಷ್ಟು ಸಲ ನೋಡಿದರೂ ಅದು ಯಾವ ಗಳಿಗೆಯಲ್ಲಿ ನೀಲಿಯಾಯಿತು ಎಂದು ಹಿಡಿಯಲು ಅವಳಿಗೆ ಆಗಿರಲಿಲ್ಲ. "ಏನ ನೋಡ್ತೀಬೇ ತಾರವ್ವ, ಮದುವಿ ಮೆರವಣಿಗಿ ನೋಡ್ದಂಗ?" ಎಂದು ಧರೆಪ್ಪ ನಗುತ್ತಿದ್ದ. ಆದರೆ ದಿನದ ಕೆಲಸ ಮುಗಿದ ಮೇಲೆ ಬಾನಿಯ ತಳದಲ್ಲಿ ಉಳಿದ ಬಣ್ಣದಲ್ಲಿ ಅವಳ ಹಳೆಯ ಬಟ್ಟೆ ಅದ್ದಿಕೊಳ್ಳಲು ಬಿಡುತ್ತಿದ್ದ. ಒಂದು ಸಲ ಅದ್ದಿದ್ದು, ಎರಡು ಸಲ ಅದ್ದಿದ್ದು, ಮೊದಲೇ ಅರಿಸಿನದ ನೀರಿನಲ್ಲಿ ಅದ್ದಿಟ್ಟದ್ದರಿಂದ ಹಸಿರಾಗಿಯೇ ಉಳಿದದ್ದು. ಕೆಲವು ಒಗೆದಾಗ ಮಾಸಿ ಹೋದವು, ಕೆಲವು ಕಲೆಗಟ್ಟಿದವು. ಕಲೆಗಟ್ಟಿದವನ್ನೂ ಅವಳು ಬಿಸಾಡಲಿಲ್ಲ. ಅವನ್ನೆಲ್ಲ ಬೆರಳಗಲದ ಪಟ್ಟಿಗಳಾಗಿ ಹರಿದಳು. ಚೌಕ ಬೇಡ ಎಂದು ಅವಳಿಗೆ ಮೊದಲೇ ಗೊತ್ತಿತ್ತು. ಚೌಕದಲ್ಲಿ ಬಣ್ಣ ಒಂದು ಮನೆಯಲ್ಲಿ ಕೂತುಬಿಡುತ್ತದೆ, ಅವಳಿಗೆ ಬೇಕಾಗಿದ್ದು ಒಂದು ಇನ್ನೊಂದಾಗುವುದು. ಹಾಸಿದಳು, ತೆಗೆದಳು, ಮತ್ತೆ ಹಾಸಿದಳು. ಅಂಚಿನಿಂದ ಹೊಲಿದುಕೊಂಡು ಬಂದರೆ ಪಟ್ಟಿಗಳು ನಡುವೆ ಬಂದು ಗುಡ್ಡೆಯಾಗುತ್ತಿದ್ದವು, ಬಟ್ಟೆ ಉಬ್ಬಿ ನಿಲ್ಲುತ್ತಿತ್ತು. ಬಿಚ್ಚಿದಳು. ಒಂದು ಮಧ್ಯಾಹ್ನ ರೊಟ್ಟಿ ತಿನ್ನುತ್ತ ಅದರ ಮುಂದೆ ಕೂತಿದ್ದವಳಿಗೆ ತಿಳಿಯಿತು, ಇದನ್ನು ನಡುವಿನಿಂದ ಹಿಡಿಯಬೇಕು. ಅತಿ ಎಳೆಯ ಹಸಿರನ್ನು ನಡುವೆ ಇಟ್ಟು ಒಂದೇ ಹೊಲಿಗೆಯನ್ನು ಸುತ್ತುತ್ತ ಸುತ್ತುತ್ತ ಹೊರಗೆ ಹೋಗಬೇಕು, ಗಾಳಿಗೆ ಹೋದ ಹಾಗೆ. ಎಡಗೈಯಲ್ಲಿ ರೊಟ್ಟಿ ಇತ್ತು, ಬಲಗೈಯಲ್ಲಿ ಸೂಜಿ. ಕೈತೊಳೆಯಲೂ ಪುರುಸೊತ್ತಿಲ್ಲದೆ ಕಚ್ಚಿ ತಿನ್ನುತ್ತಿದ್ದ ರೊಟ್ಟಿಯನ್ನೇ ಹರಿದು ಒಂದು ಚೂರನ್ನು ಹಸಿರು ಬಟ್ಟೆಯ ಕೆಳಗಿಟ್ಟು ಮುಚ್ಚಿ ಹೊಲಿಗೆ ಶುರು ಮಾಡಿದಳು.

ಆಗ ಅದು ಗೊತ್ತಿದ್ದು ಮಾಡಿದ್ದೋ? ಈ ಪ್ರಶ್ನೆ ಅವಳನ್ನು ಬೆಳಗಿನಿಂದ ಬಿಟ್ಟಿರಲಿಲ್ಲ. ಹೊಟ್ಟೆ ಮುಚ್ಚಬೇಕೆಂದು ಮಾಡಿದ್ದಲ್ಲ, ಬಟ್ಟೆ ಉಬ್ಬಬಾರದೆಂದು ಮಾಡಿದ್ದು. ಆದರೆ ರೊಟ್ಟಿ? ರೊಟ್ಟಿ ಇಡುವ ಅಗತ್ಯ ಬಟ್ಟೆಗೆ ಇರಲಿಲ್ಲ. ಕೌದಿ ಕೆಳಗೆ ತರಲು ಅಟ್ಟದ ಮೆಟ್ಟಿಲು ಹತ್ತುವಾಗಲೂ ಅದೇ ಯೋಚನೆ. ಮೊಣಕಾಲು ನೋಯುತ್ತಿತ್ತು. ತನ್ನ ಎಂಜಲು ಕೂಸಿನ ಮೈಕೆಳಗೆ ಹೋಗುತ್ತದೆ ಎಂದು ನೆನೆದು ಮೆಟ್ಟಿಲ ನಡುವೆಯೇ ನಿಂತಳು. ಅದರ ಬೆನ್ನಿಗೇ, ತನ್ನ ಎಂಜಲಿಗೆ ಏನಾಗಿದೆ, ಮುದಕವ್ವನ ಕೈಗಿಂತ ಅದೇನು ಹೊಲಸು ಎಂದು ಸಿಟ್ಟು ಬಂತು. ಮುದಕವ್ವನ ಗಂಡ ಹುಲೆಪ್ಪ ಸೆರೆ ಕುಡಿದು ಗಟಾರದ ಪಕ್ಕ ಬಿದ್ದಿರುತ್ತಿದ್ದ. ಎದ್ದಾಗ ಮನೆಗೆ ಬಂದು ಹೆಂಡತಿಯನ್ನು ಬಡಿಯುತ್ತಿದ್ದ. ಮುದಕವ್ವ ಕಣ್ಣು ಬಾತುಕೊಂಡು ಓಣಿಯಲ್ಲಿ ತಿರುಗಾಡುವುದನ್ನು ಎಲ್ಲರೂ ನೋಡಿದ್ದರು. ಆದರೂ ಅವನು ಜೀವಂತ ಇದ್ದ. ಅಷ್ಟು ಸಾಕು. ಅವನು ಉಸಿರಾಡುವ ತನಕ ಮುದಕವ್ವನ ಕೈ ಕೂಸುಗಳನ್ನು ಕಾಯುತ್ತದೆ. ಏಳು ಮಂದಿ ಹೆಂಗಸರ ಕೆಲಸ ಒಬ್ಬಳೇ ಮಾಡುವ, ಎಂದೂ ಯಾರಿಗೂ ಕೆಟ್ಟದ್ದು ಅನ್ನದ ಮುದಕವ್ವನ ಮೇಲೆ ಸಿಟ್ಟಾಗುವುದು ಅನ್ಯಾಯ ಎಂದು ತಾರವ್ವನಿಗೆ ಗೊತ್ತಿತ್ತು. ಗೊತ್ತಿದ್ದೂ ಸಿಟ್ಟಾದಳು.

ಕೌದಿಯ ಮಡಿಕೆ ಬಿಡಿಸಿ ಕಿಟಕಿಯ ಬೆಳಕಿಗೆ ಹಿಡಿದಳು. ಬರೀ ನೋಡಬೇಕು ಎಂದು. ಎಳೆ ಹಸಿರು ನಡುವಿನಿಂದ ಎದ್ದು, ಸುತ್ತಿನ ಗುಂಟ ಮೆಲ್ಲಗೆ ಕಪ್ಪೇರುತ್ತ, ಅಂಚಿನಲ್ಲಿ ಕಡುನೀಲಿಯಾಗಿ ನಿಂತಿತ್ತು. ಎಲ್ಲಿ ಹಸಿರು ಮುಗಿಯಿತು, ಎಲ್ಲಿ ನೀಲಿ ಬಂತು ಎಂದು ಬೆರಳಿಟ್ಟು ತೋರಿಸಲು ಸಾಧ್ಯವಿರಲಿಲ್ಲ. ಹೌದು, ಬಂದಿದೆ, ಎಂದುಕೊಂಡಳು. ಹಿಂದೆ ಹೊಲಿದ ಯಾವುದರಲ್ಲೂ ಅವಳು ಹೀಗೆ ಅಂದುಕೊಂಡಿರಲಿಲ್ಲ. ಇದನ್ನು ಅವಳಲ್ಲದೆ ನೋಡಿದವಳು ಒಬ್ಬಳೇ, ಅಣ್ಣನ ಮಗಳು ಮಹಾನಂದಾ. ಬಸಿರಾಗಿ ತವರಿಗೆ ಬಂದ ಹುಡುಗಿ ತೇಕುತ್ತ ಅಟ್ಟ ಹತ್ತಿ ಬಂದು, ಇನ್ನೂ ಅಂಚು ಬಾಕಿ ಇದ್ದ ಕೌದಿಯ ಮುಂದೆ ಕೂತು, ಕಣ್ಣು ಮುಚ್ಚಿ ಹೊಲಿಗೆಯ ಮೇಲೆ ಬೆರಳಾಡಿಸಿದ್ದಳು. "ಏನ ಮಾಡಾಕತ್ತೀಯ?" ಎಂದರೆ, "ತಡೀರಿ ಅತ್ತಿ, ಎಲ್ಲಿಂದ ಚಾಲೂ ಆಗೇತಿ ಅಂತ ಹುಡಕಾಕತ್ತೇನಿ." ಬೆರಳು ಸುತ್ತಿ ಸುತ್ತಿ ನಡುವಿಗೆ ಬಂದು ನಿಂತಾಗ ಹುಡುಗಿ ಕಣ್ಣು ತೆರೆದು ಜೋರಾಗಿ ನಕ್ಕಿದ್ದಳು. "ಅಯ್ಯ, ಹೊಟ್ಟಿ ಮೊದಲ ಮುಚ್ಚೀರಿ! ಅವ್ವಗ ಗೊತ್ತಾದ್ರ ಕುಣೀತಾಳ." ಆಮೇಲೆ ನಗು ನಿಲ್ಲಿಸಿ, "ಇದನ್ನ ನನ್ನ ಕೂಸಿಗೆ ಕೊಡ್ರಿ ಅತ್ತಿ" ಎಂದಳು. ತಾರವ್ವ ಆ ದಿನ ರಾತ್ರಿಯ ಊಟಕ್ಕೆ ಇಳಿಯಲಿಲ್ಲ. ಹಸಿವೇ ಇರಲಿಲ್ಲ, ಸಂತೋಷವೇ ಹೊಟ್ಟೆ ತುಂಬಿತ್ತು. ಯಾರೋ ಒಬ್ಬರು ನೋಡಿದರು, ನೋಡಿ ಬೇಕು ಅಂದರು. ಇದೇ ಹುಡುಗಿ ಈಗ ಕೆಳಗೆ ಬಾಣಂತಿ ಖೋಲಿಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಕೂತಿದ್ದಾಳೆ. ಎಲ್ಲ ಗೊತ್ತಿರುವವಳು ಅವಳು. ವೈನಿ ಕೇಳಿದಾಗ ಅವಳೇ ಒಂದು ಮಾತು ಹೇಳುತ್ತಾಳೆ ಎಂದು ತಾರವ್ವ ನಂಬಿದಳು. ಕೌದಿಯನ್ನು ಹೆಗಲಿಗೆ ಹಾಕಿಕೊಂಡು ಒಂದೊಂದೇ ಮೆಟ್ಟಿಲು ಇಳಿದಳು.

ಮಗ್ಗ ಬಂದ್ ಆಗಿತ್ತು. ಬೀಗರು ಬರುವ ಹೊತ್ತಿಗೆ ಸಪ್ಪಳ ಬೇಡವೆಂದು ಶಿದ್ರಾಮಪ್ಪನೇ ನಿಲ್ಲಿಸಿ ಸ್ನಾನಕ್ಕೆ ಹೋಗಿದ್ದ. ಮನೆಯಲ್ಲಿ ಹಠಾತ್ತನೆ ಎಲ್ಲವೂ ಕೇಳಿಸತೊಡಗಿತ್ತು, ಬಚ್ಚಲಲ್ಲಿ ನೀರು ಸುರಿಯುವುದು, ಒಳಗೆ ಕೂಸು ಮುಲುಗುವುದು, ಶಿವಗಂಗವ್ವನ ಬಳೆ. ಪಡಸಾಲೆಯಲ್ಲಿ ಹೂರಣದ ವಾಸನೆ ತುಂಬಿತ್ತು. ತೊಟ್ಟಿಲಿಗೆ ಸೇವಂತಿಗೆ ಕಟ್ಟಿದ್ದರು. ಮುದಕವ್ವ ಆಗಲೇ ಬಂದು, ಹಣೆಯ ತುಂಬ ಕುಂಕುಮ ಇಟ್ಟುಕೊಂಡು, ಕಾಲು ಮಡಚಿ ಕೂತಿದ್ದಳು. ಶಿವಗಂಗವ್ವ ಕೌದಿ ಇಸಿದುಕೊಂಡು ನೆಲದ ಮೇಲೆ ಹಾಸಿದಳು. "ಒಂದ ಹೂವರೆ ಹಾಕಬೇಕಿತ್ತಲ್ಲ ತಾರಾ. ಕೂಸಿನ ಕೌದಿ. ಕೆಂಪಿಲ್ಲ ಹಳದಿಲ್ಲ" ಎಂದಳು. "ಇರ್ಲಿ ಬಿಡ, ಹೊಲಿಗಿ ಛಲೋ ಆಗೇತಿ" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು, ಓಣಿಯ ಒಂದು ಸಣ್ಣ ಹುಡುಗಿ ಕೌದಿಯ ಅಂಚಿಗೆ ಕೂರಲು ಹೋದದ್ದನ್ನು ರಟ್ಟೆ ಹಿಡಿದು ಎಬ್ಬಿಸಿದಳು. "ಏಳಬೇ, ಕೂಸಿಗಿಂತ ಮೊದಲ ಯಾರೂ ಮೈ ಊರಬಾರದು ಅದರ ಮ್ಯಾಲ." ಆಮೇಲೆ ರೊಟ್ಟಿ, ಸಕ್ಕರೆ ಇದ್ದ ತಾಟನ್ನು ಮುದಕವ್ವನ ಮುಂದೆ ಸರಿಸಿದಳು. ಮುದಕವ್ವ ಸೂಜಿಯನ್ನು ಬೆಳಕಿಗೆ ಹಿಡಿದು, ದಾರವನ್ನು ಎಂಜಲು ಮಾಡಿ ಪೋಣಿಸಿ, ನಡುವಿಗೆ ಕೈಯಿಟ್ಟಳು. ತಡಕಾಡಿದಳು. ಇನ್ನೂ ಆಚೆ ತಡಕಾಡಿದಳು. ಕೌದಿಯನ್ನು ತಿರುವಿ ಹಾಕಿ ಹಿಂಬದಿ ನೋಡಿದಳು. ತಾರವ್ವ ಕಂಬಕ್ಕೆ ಆತು ನಿಂತು ಆ ಕಪ್ಪು ಗಂಟುಗಂಟಾದ ಬೆರಳುಗಳು ತನ್ನ ಹಸಿರಿನ ಮೇಲೆ ಓಡಾಡುವುದನ್ನು ನೋಡುತ್ತಿದ್ದಳು. ಯಾರೋ ತನ್ನ ಮೈಯನ್ನೇ ಸವರುತ್ತಿದ್ದಾರೆ ಅನಿಸಿತು.

"ಎಲ್ಲೈತಿಬೇ ಇದರ ಹೊಟ್ಟಿ? ನನ್ನ ಕಣ್ಣ ಹೋದುವೇನ?" ಎಂದಳು ಮುದಕವ್ವ.

"ನಡಬರಕ ನೋಡ್ರಿ."

"ನಡಬರಕ ನೋಡಾಕತ್ತೇನಿ ಶಿವಗಂಗವ್ವ. ಎಲ್ಲಾ ಹೊಲದ ಬಿಟ್ಟೈತಿ."

ಶಿವಗಂಗವ್ವ ಮಂಡಿಯೂರಿ ತಾನೇ ಒತ್ತಿ ನೋಡಿದಳು. ನಡುವೆ ಗಟ್ಟಿಯಾದ ಏನೋ ಬೆರಳಿಗೆ ತಾಕಿತು. ತಲೆಯೆತ್ತಿದಳು. "ಯಾರ ಮುಚ್ಚ್ಯಾರ ಇದನ್ನ?"

"ನಾನ" ಎಂದಳು ತಾರವ್ವ. ಮಗ್ಗ ನಿಂತಿದ್ದರಿಂದ ಅದು ಅವಳು ಅಂದುಕೊಂಡದ್ದಕ್ಕಿಂತ ದೊಡ್ಡದಾಗಿ ಕೇಳಿತು.

"ನೀನ ಅಂದ್ರ? ನಿನಗ ಗೊತ್ತಿಲ್ಲೇನ?"

"ಗೊತ್ತೈತ್ರಿ. ಇದು ನಡುವಿಂದ ಹೊಲದದ್ದು. ಮೊದಲ ಮುಚ್ಚದಿದ್ರ ಮುಂದ ಹೊಲಿಗಿ ಹೋಗತಿದ್ದಿಲ್ಲ."

"ಒಳಗ ಏನ ಇಟ್ಟೀದಿ?"

ಸುಳ್ಳು ಹೇಳಬಹುದಿತ್ತು. ದೇವರ ಮುಂದಿನ ಸಕ್ಕರೆ ಎಂದರೆ ಮುಗಿಯುತ್ತಿತ್ತು. ಅದನ್ನು ಅವಳು ಯೋಚಿಸಿದಳು ಕೂಡ. ಆದರೆ ಮುದಕವ್ವ ಕೌದಿಯ ಮೇಲಿನಿಂದ ಇನ್ನೂ ಕೈ ತೆಗೆದಿರಲಿಲ್ಲ. "ರೊಟ್ಟಿ. ನಾ ತಿನ್ನಾಕತ್ತಿದ್ದ ರೊಟ್ಟಿ" ಎಂದಳು.

ಶಿವಗಂಗವ್ವನ ಮುಖ ಕೆಂಪಾಗಲಿಲ್ಲ, ಬಿಳಿಚಿಕೊಂಡಿತು. ಅವಳು ಹೆದರಿದ್ದಾಳೆ ಎಂದು ತಾರವ್ವನಿಗೆ ತಿಳಿಯಿತು. ಮೊದಲ ಮೊಮ್ಮಗು, ಹಿಂದೆ ಮಹಾನಂದಾಳದು ಒಂದು ಬಸಿರು ಇಳಿದು ಹೋಗಿತ್ತು. ಆ ಹೆದರಿಕೆ ನಿಜವಾದದ್ದು. ಅದನ್ನು ಕಂಡು ಅವಳಿಗೆ ಕನಿಕರ ಬಂತು, ಆದರೆ ಆ ಹೆದರಿಕೆ ತನ್ನ ಬಗ್ಗೆ, ತನ್ನ ಬಾಯಿ ತನ್ನ ಕೈಯ ಬಗ್ಗೆ ಎಂದು ಕೂಡಲೇ ನೆನಪಾಯಿತು. ಅಷ್ಟು ವರ್ಷ ಈ ಮನೆಯ ಹಿಟ್ಟು ನಾದಿದ್ದು ಇದೇ ಕೈ. ಮಹಾನಂದಾಳಿಗೆ ದಡಾರ ಬಂದಾಗ ಗಂಜಿ ಕುಡಿಸಿದ್ದು ಇದೇ ಕೈ. ಶಿವಗಂಗವ್ವ ಎದ್ದು ಹೋಗಿ ಗೋಡೆಯ ಮಾಡದಲ್ಲಿದ್ದ ಗಂಡನ ಗಡ್ಡದ ಬ್ಲೇಡು ತಂದು ಚಾಚಿದಳು. "ಬಿಚ್ಚ. ನಿನ್ನ ಕೈಲೆನ ಬಿಚ್ಚ. ಒಳಗಿಂದ ತಗದ ಒಗದಬಿಡ, ಮುದಕವ್ವ ಹೊಸಾದ ಇಟ್ಟ ಹೊಲೀಲಿ. ಲಗೂನ ಮಾಡ, ಬಸ್ಸ ಬಂದೇ ಬಿಡ್ತೈತಿ."

"ಇದ ಒಂದ ಹೊಲಿಗಿ ವೈನಿ. ನಡಬರಕ ಕೊಯ್ದರ ಅಂಚಿನ ತನಕಾ ಸಡ್ಲ ಆಕ್ಕೈತಿ."

ಇದು ಪೂರ್ತಿ ಖರೆಯಲ್ಲ. ಎರಡನೆಯ ಸುತ್ತಿನಲ್ಲಿ ಒಂದು ಗಂಟು ಹಾಕಿ ಹಿಡಿದರೆ ಉಳಿದದ್ದು ನಿಲ್ಲುತ್ತದೆ, ಅದು ಅವಳಿಗೆ ಗೊತ್ತಿತ್ತು. ಹತ್ತು ನಿಮಿಷದ ಕೆಲಸ. ಸ್ನಾನ ಮುಗಿಸಿ ಒದ್ದೆ ತಲೆಯಲ್ಲೇ ಬಂದ ಶಿದ್ರಾಮಪ್ಪ, ವಿಷಯವೇನೆಂದು ಕೇಳಿ, ನಕ್ಕು, "ಅಂಗೈ ಅಗಲ ಜಾಗಾಕ್ಕ ಇಷ್ಟ ಗದ್ಲೇನ? ಬಿಚ್ಚಿ ಕೊಡ ತಾರಾ. ನಾಳೆ ಬೇಕಾದ್ರ ನಿನಗ ಹೆಂಗ ಬೇಕ ಹಂಗ ಇನ್ನೊಂದ ಹೊಲಕೊಳ್ಳಂತಿ" ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಪೆಂಡಿಗಳ ಮೇಲೆ ಹಾಕಿದ್ದ ಕೌದಿಯನ್ನು ಮೆಚ್ಚಿಕೊಂಡಾಗ ಇದ್ದ ದನಿಯೇ ಅದು. ಅಂಗೈ ಅಗಲ, ಎಂದುಕೊಂಡಳು ತಾರವ್ವ. ಇಷ್ಟು ವರ್ಷ ನನ್ನಿಂದ ಕಸಿದದ್ದು ಅಷ್ಟೇ. ಅಷ್ಟು ಸಣ್ಣದಕ್ಕೆ ಜಗಳ ಮಾಡಿದರೆ ಜನ ನಗುತ್ತಾರೆ, ಅದಕ್ಕೇ ಅಷ್ಟು ಸಣ್ಣದನ್ನೇ ಕಸಿಯುತ್ತಾರೆ. ಬ್ಲೇಡು ಅವಳ ಕೈಗೆ ಬಂದಿತ್ತು. ಯಾವಾಗ ಇಸಿದುಕೊಂಡಳೋ ತಿಳಿಯಲಿಲ್ಲ. ಕೈ ನಡುಗುತ್ತಿತ್ತು.

ಬಾಣಂತಿ ಖೋಲಿಯ ಬಾಗಿಲಲ್ಲಿ ಮಹಾನಂದಾ ನಿಂತಿದ್ದಳು. ತೋಳಲ್ಲಿ ಕೂಸು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಅವಳು ನಿಂತ ರೀತಿಯಲ್ಲೇ ಕಾಣುತ್ತಿತ್ತು. ತಾರವ್ವ ಅವಳನ್ನು ನೋಡಿದಳು. ನನಗ ಗೊತ್ತಿತ್ತವ್ವಾ, ನಾನ ಹಂಗ ಬೇಕ ಅಂದಿದ್ದೆ. ಇಷ್ಟು ಹೇಳಿದ್ದರೆ ಸಾಕಿತ್ತು. ಜಗಳವನ್ನೂ ಮಾಡಬೇಕಾಗಿರಲಿಲ್ಲ. ಮಹಾನಂದಾ ಕೂಸಿನ ಹಿಮ್ಮಡಿಯನ್ನು ಹೆಬ್ಬೆರಳಲ್ಲಿ ಉಜ್ಜುತ್ತ, ಅದನ್ನೇ ನೋಡುತ್ತ, "ಅವ್ವ ಹೇಳಿದಂಗ ಮಾಡ್ರಿ ಅತ್ತಿ. ನಮ್ಮ ಅತ್ತಿ ಮಾವ ಬರೂ ಹೊತ್ತಾತು" ಎಂದಳು. ನಮ್ಮ ಅತ್ತಿ, ಎಂದು ತೇರದಾಳದವಳಿಗೆ ಅಂದಳು. ತಾರವ್ವನ ಎದೆಯೊಳಗೆ ಏನೋ ತಣ್ಣಗಾಯಿತು. ಕೈ ನಡುಗುವುದು ನಿಂತಿತು.

ಬ್ಲೇಡನ್ನು ಸಕ್ಕರೆಯ ತಾಟಿನಲ್ಲಿಟ್ಟಳು. ಬಾಗಿ, ಕೌದಿಯ ಮೇಲಿನಿಂದ ಮುದಕವ್ವನ ಕೈಯನ್ನು ಎತ್ತಿ ಅವಳ ತೊಡೆಯ ಮೇಲೆ ಇಟ್ಟಳು, ಮೆಲ್ಲಗೆ, ಮುದುಕಿಗೆ ನೋವಾಗದ ಹಾಗೆ. ಆಮೇಲೆ ಕೌದಿಯ ಮೇಲೆ ಕೂತಳು. "ತಾರಾ" ಎಂದು ಶಿವಗಂಗವ್ವ ಚೀರಿದಳು. ತಾರವ್ವ ಕಾಲು ಚಾಚಿ, ಒಂದು ಮೊಣಕೈ ಊರಿ, ಬೆನ್ನು ಕೆಳಗಿಟ್ಟು, ಉದ್ದಕ್ಕೆ ಮಲಗಿದಳು. ಕೂಸಿನ ಕೌದಿಯಾದ್ದರಿಂದ ಅದು ಅವಳ ಸೊಂಟದವರೆಗೆ ಮಾತ್ರ ಬಂತು, ಕಾಲು ಬರೀ ನೆಲದ ಮೇಲಿತ್ತು. ಹೆಗಲಿನಿಂದ ಸೊಂಟದ ತನಕ ಹೊಲಿಗೆಯ ಸಣ್ಣ ಏರಿಳಿತ ಒಂದೊಂದಾಗಿ ತಾಕಿತು. ಮೆತ್ತಗಿತ್ತು. ನಾನು ಇಷ್ಟು ಮೆತ್ತಗೆ ಹೊಲಿಯುತ್ತೇನೆಯೇ ಎಂದು ಅವಳಿಗೆ ಆಶ್ಚರ್ಯವಾಯಿತು. ಹೊಸ ಕೌದಿಯ ಮೇಲೆ ಅವಳು ಎಂದೂ ಮಲಗಿರಲಿಲ್ಲ, ಅವಳ ಪಾಲಿಗೆ ಬಂದವೆಲ್ಲ ಇನ್ನೊಬ್ಬರ ಮೈಗೆ ಬಿದ್ದು ಸವೆದವು. ಮೇಲೆ ಜಂತಿಗೆ ಕಟ್ಟಿದ್ದ ವಿದ್ಯುತ್ ತಂತಿ, ಮೂಲೆಯಲ್ಲಿ ಮಸಿ.

"ಏಳ! ಏಳ್ತಿಯೋ ಇಲ್ಲೋ? ಅಪಶಕುನದವಳ, ಕೂಸಿನ ಹಾಸಿಗಿ ಮ್ಯಾಲ ಬಿದ್ದಕೊಂಡಳಲ್ಲ! ಏನ್ರೀ, ನೋಡಕೋತ ನಿಂತೀರಲ್ಲ, ಎಬ್ಬಸ್ರಿ ನಿಮ್ಮ ತಂಗೀನ!"

ಶಿದ್ರಾಮಪ್ಪ ಒಂದು ಹೆಜ್ಜೆ ಮುಂದಿಟ್ಟು ನಿಂತ. ಮಲಗಿದ ತಂಗಿಯನ್ನು ಎಲ್ಲಿ ಹಿಡಿದು ಎಬ್ಬಿಸಬೇಕೆಂದು ಅವನಿಗೆ ತೋಚಲಿಲ್ಲ. ಅವನ ಒದ್ದೆ ಕೂದಲಿನಿಂದ ಒಂದು ಹನಿ ಅವಳ ಪಾದದ ಮೇಲೆ ಬಿತ್ತು. "ತಾರಾ, ಮಂದಿ ಬರ್ತಾರವ್ವಾ" ಎಂದ. ಈ ಸಲ ಅವನ ದನಿಯಲ್ಲಿ ಒಳ್ಳೆಯತನಕ್ಕಿಂತ ಬೇರೆ ಏನೋ ಇತ್ತು. ಅವನು ಅವಳಿಗೆ ಅಂಜಿದ್ದ. ಮುದಕವ್ವ ಗೋಡೆಗೆ ಸರಿದು ಕೂತು, ಪೋಣಿಸಿದ ಸೂಜಿಯನ್ನು ಹಾಗೇ ಹಿಡಿದುಕೊಂಡು, ತಾರವ್ವನ ಮುಖವನ್ನು ನೋಡುತ್ತಿದ್ದಳು. ಆಮೇಲೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಅದು ನನ್ನ ಕೂಸಿಂದು ಅತ್ತಿ" ಎಂದಳು ಮಹಾನಂದಾ. ಅಳುತ್ತಿದ್ದಳು. "ನನ್ನ ಕೂಸಿಗೆ ಅಂತ ಕೊಟ್ಟಿದ್ರಿ."

ಆ ಅಳು ತಾರವ್ವನಿಗೆ ಚುಚ್ಚಿತು. ಈ ಹುಡುಗಿಯನ್ನು ಅವಳು ತನ್ನ ಹೊಟ್ಟೆಯಲ್ಲಿ ಹುಟ್ಟಿದವಳಷ್ಟೇ ಪ್ರೀತಿಸಿದ್ದಳು, ಇವತ್ತಿಗೆ ಅದು ಮುಗಿಯಿತೇನೋ. ಮುಗಿದರೂ ಏಳುವುದಿಲ್ಲ ಎಂದುಕೊಂಡಳು. "ನಿನ್ನ ಕೂಸಿಗೆ ಇನ್ನೊಂದ ಹೊಲದ ಕೊಡ್ತೇನಿ ಮಹಾನಂದಾ. ಕೆಂಪ ಹಾಕಿ, ಹಳದಿ ಹಾಕಿ, ಹೂವು ಹಾಕಿ. ನಡಬರಕ ಎಷ್ಟ ಬೇಕ ಅಷ್ಟ ಜಾಗಾ ಬಿಟ್ಟ ಕೊಡ್ತೇನಿ, ಯಾರ ಬೇಕ ಅವರ ಕೈಲೆ ಮುಚ್ಚಿಸ್ರಿ. ಇದ ನಂದು."

ಓಣಿಯ ತುದಿಯಲ್ಲಿ ಬಸ್ಸು ಇಳಿದವರ ಮಾತು ಕೇಳಿಸಿತು, ಚಪ್ಪಲಿಯ ಸಪ್ಪಳ, ಯಾರೋ ಮನೆ ಯಾವುದೆಂದು ಕೇಳುತ್ತಿದ್ದರು. ಶಿವಗಂಗವ್ವ ಹಣೆ ಚಚ್ಚಿಕೊಂಡು ಒಳಗೆ ಓಡಿ ಹಳೆಯದೊಂದು ಕೌದಿಯನ್ನು ಎಳೆದುಕೊಂಡು ಬಂದು ತೊಟ್ಟಿಲಿಗೆ ತುರುಕಿದಳು. ಶಿದ್ರಾಮಪ್ಪ ಅಂಗಿ ಹುಡುಕಿದ. ತೇರದಾಳದ ಬೀಗತಿ ಉಡಿ ತುಂಬುವ ಬುಟ್ಟಿ ಹಿಡಿದು ಹೊಸ್ತಿಲ ಮೇಲೆ ಕಾಲಿಟ್ಟವಳು ಪಡಸಾಲೆಯ ನಟ್ಟನಡುವೆ ಮಲಗಿದ ಹೆಂಗಸನ್ನು ಕಂಡು ಅಲ್ಲಿಯೇ ನಿಂತಳು. "ಯಾಕ, ಆರಾಮ ಇಲ್ಲೇನ ಅವರಿಗೆ?" ಎಂದು ಕೇಳಿದಳು. ಬಾಗಿಲಿನ ಬಿಸಿಲು ಸರಿಯಾಗಿ ಕಣ್ಣಿಗೆ ಹೊಡೆಯುತ್ತಿತ್ತು. ತಾರವ್ವ ಮಗ್ಗುಲು ಬದಲಿಸಿ, ಕಾಲು ಮಡಚಿ ಕೌದಿಯ ಮೇಲಕ್ಕೆ ಸೇರಿಸಿಕೊಂಡು, ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಆರಾಮ ಅದೀನ್ರಿ" ಎಂದಳು ಸೆರಗಿನೊಳಗಿನಿಂದ. "ಒಳಗ ಬಂದ ಬಾಗಲಾ ಮುಂದ ಮಾಡ್ರಿ. ನನಗ ನಿದ್ದಿ ಬಂದೈತಿ."